ಗಿಡ್ಡ ಉಡುಪಿನ ಅಂಚು
ಗಿಡ್ಡ ಉಡುಪೆಂಬುದು ನಿನ್ನೆಮೊನ್ನೆ ಪೇಟೆಯಿಂದ ಬಂದದ್ದೆಂದು ಭಾವಿಸುವವರು ಜೋಯಿಡಾದ ಕುಣಬಿ ಸಮಾಜದ ಹಿರಿಯ ಹೆಂಗಸರು ಸೀರೆಯುಡುವ ಕ್ರಮವನ್ನು ಒಮ್ಮೆ ಸಾವಧಾನದಿಂದ ನೋಡಬೇಕು: ಚೌಕುಳಿಯ ಹತ್ತಿಸೀರೆಯನ್ನು ಮೊಣಕಾಲಿನ ಸಮೀಪಕ್ಕೆ ಎತ್ತಿ ಬಿಗಿದು, ಸೆರಗನ್ನು ಹೆಗಲ ಮೇಲೆ ಗಂಟಿಕ್ಕಿ, ಗದ್ದೆಯ ಕೆಸರಿನಲ್ಲಿ ಕಾಲಿಗೂ ನಾಟಿಯಲ್ಲಿ ಕೈಗೂ ಸ್ವಾತಂತ್ರ್ಯವೀಯುವ ಆ ಉಡುಗೆಯ ಅಂಚು ನಡಿಗೆಯಿಂದಲೇ ನಿರ್ಣೀತವಾದುದರಿಂದ ಅದಕ್ಕೊಂದು ಸಹಜ ಲಾವಣ್ಯವುಂಟು. ದಾಂಡೇಲಿ, ಹಳಿಯಾಳಗಳ ತರುಣಿಯರು ಅಂಗಡಿಯಲ್ಲಿ ಗಿಡ್ಡ ಫ್ರಾಕು ಆರಿಸುವಾಗಲೂ ನಡಿಗೆಗೆ ತಕ್ಕಂತೆ ಅಂಚನ್ನು ನಿರ್ಣಯಿಸುವ ಈ ವಿವೇಕವೇ ಸಲ್ಲುವುದು. ಮೀನಖಂಡ ತುಂಬಿರುವೆಡೆ ಅಂಚು ಬಿದ್ದರೆ ಕಾಲು ಮೊಟಕಾಗಿ ಕಾಣುವುದು, ಮೊಣಕಾಲಿನ ತುಸು ಮೇಲೋ ಕೆಳಗೋ ನಿಂತರೆ ನೀಳವಾಗಿ ತೋರುವುದು, ಆದರೆ ಕುಳಿತು, ಮೆಟ್ಟಿಲೇರಿ ನೋಡದೆ ಯಾವುದನ್ನೂ ಕೊಳ್ಳತಕ್ಕದ್ದಲ್ಲ. ಸಂದರ್ಭಕ್ಕೊಂದು ಹೊಸ ಉಡುಪು ಬೇಕೆಂಬುದನ್ನು ನಾನು ಒಪ್ಪಲಾರೆ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ವಿವಾಹಿತೆಯು ಒಂದೇ ಬಣ್ಣದ ಚುಬಾ ಎಂಬ ನೀಳವಾದ ನಿಲುವಂಗಿಯ ಮುಂದೆ ಪಾಂಗ್ದೆನ್ ಎಂಬ ಪಟ್ಟೆಪಟ್ಟೆಯ ಏಪ್ರನ್ನು ಕಟ್ಟಿಕೊಂಡೊಡನೆ ಇಡಿಯ ಉಡುಗೆಯೇ ಬೆಳಗುವಂತೆ, ಕಚೇರಿಗೆ ಉಟ್ಟ ಸಾದಾ ನೀಲಿ ಫ್ರಾಕಿನ ಮೇಲೆ ಗುಳೇದಗುಡ್ಡದ ಖಣದಿಂದ ಹೊಲಿಸಿದ ತುಂಡು ಜಾಕೀಟು ತೊಟ್ಟರೆ ಸಂಜೆಯ ಆರತಕ್ಷತೆಗೆ ಅದೇ ಯಥೋಚಿತ. ಮಲೆನಾಡಿನ ಮಳೆಗಾಲಕ್ಕೆ ಮಾತ್ರ ಬೇಗ ಒಣಗುವ ತೆಳುಹತ್ತಿಯನ್ನೂ ಕೆಸರು ತೋರದ ಗಾಢವರ್ಣವನ್ನೂ ಆರಿಸುವುದು ಮೇಲು.