ಹೆಸರು ಮೊದಲೋ, ಕುಸ್ತಿ ಮೊದಲೋ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ಹುಟ್ಟಿ, ಜಾತ್ರೆಯ ಕುಸ್ತಿಯನ್ನು ನೋಡದೆ ಬೆಳೆದವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇರಲಾರರು. ಜಾತ್ರೆಗೆ ಇನ್ನೂ ಹದಿನೈದು ದಿನವಿರುವಾಗಲೇ ಚಹದಂಗಡಿಯ ಗೋಡೆಗೆ ಭಿತ್ತಿಪತ್ರ ಅಂಟಿರುತ್ತದೆ. 'ಜಂಗೀ ನಿಕಾಲಿ ಕುಸ್ತಿಗಳು' ಎಂಬ ದಪ್ಪಕ್ಷರ. ಅದರ ಕೆಳಗೆ ಒಂದನೆಯ ನಂಬರಿನ ಜೋಡಿಯ ದೊಡ್ಡ ಭಾವಚಿತ್ರ. ಎರಡನೆಯದು ಸ್ವಲ್ಪ ಸಣ್ಣದು. ಹತ್ತನೆಯ ಜೋಡಿಗೆ ಬರುವ ಹೊತ್ತಿಗೆ ಚಿತ್ರವೇ ಇಲ್ಲ, ಹೆಸರು ಮಾತ್ರ. ಬಹುಮಾನದ ಹಣವೂ ಅದೇ ಕ್ರಮದಲ್ಲಿ ಇಳಿಯುತ್ತದೆ. ಯಾವ ಪೈಲ್ವಾನನೂ ಇನ್ನೂ ಕಣದ ಮಣ್ಣು ಮುಟ್ಟಿಲ್ಲ. ಆದರೆ ಯಾರು ಮೇಲಿನವರು, ಯಾರು ಕೆಳಗಿನವರು ಎಂಬುದು ಆಗಲೇ ಅಚ್ಚಾಗಿ ಹೋಗಿದೆ. ಇದು ನ್ಯಾಯವೇ ಎಂಬುದು ನನ್ನ ಪ್ರಶ್ನೆ.

ಹಿರಿಯರ ಸಮರ್ಥನೆಯನ್ನು ಮೊದಲು ಹೇಳಿಬಿಡುವೆನು, ಏಕೆಂದರೆ ಅದರಲ್ಲಿ ಹುರುಳಿಲ್ಲದಿಲ್ಲ. ಜೋಡಿ ಹಚ್ಚುವುದು ಸುಲಭದ ಕೆಲಸವಲ್ಲ. ತೂಕ, ವಯಸ್ಸು, ತಾಲೀಮು ನೋಡದೆ ಯಾರ ಮೇಲೆ ಯಾರನ್ನಾದರೂ ಬಿಟ್ಟರೆ ಎಲುಬು ಮುರಿದೀತು. ಮೇಲಾಗಿ ದೇಣಿಗೆ ಕೊಡುವವರು ಹೆಸರನ್ನು ನೋಡಿ ಕೊಡುತ್ತಾರೆ. "ಹೆಸರಿಲ್ಲದವನ ಕುಸ್ತಿ ನೋಡಾಕ ಯಾರ ಬರ್ತಾರೋ ತಮ್ಮಾ?" ಎಂದು ನಮ್ಮೂರ ಜಾತ್ರಾ ಕಮಿಟಿಯ ಹಿರಿಯರೊಬ್ಬರು ನನ್ನನ್ನೇ ಕೇಳಿದ್ದರು. ಒಪ್ಪೋಣ. ಆದರೆ ಆ ಹೆಸರು ಬಂದದ್ದೆಲ್ಲಿಂದ? ಹಿಂದಿನ ವರ್ಷದ ಭಿತ್ತಿಪತ್ರದಿಂದ. ಅದರ ಹಿಂದಿನ ವರ್ಷ? ಇನ್ನೊಂದು ಊರಿನ ಭಿತ್ತಿಪತ್ರದಿಂದ. ಕೊಲ್ಲಾಪುರದ ದೊಡ್ಡ ತಾಲೀಮಿನಲ್ಲಿ ಇದ್ದು ಬಂದವನೆಂದರೆ ಮುಗಿಯಿತು, ಅವನ ಕುಸ್ತಿಯನ್ನು ಯಾರೂ ನೋಡಿರದಿದ್ದರೂ ಚಿತ್ರ ದೊಡ್ಡದಾಗುತ್ತದೆ.

ನನ್ನ ಕಾಕಾನ ಮಗನೊಬ್ಬನಿದ್ದಾನೆ. ಹಗಲು ಪಾವರ್‌ಲೂಮಿನ ಮುಂದೆ ನಿಲ್ಲುತ್ತಾನೆ. ನಸುಕಿನಲ್ಲಿಯೂ ಸಂಜೆಯಲ್ಲಿಯೂ ಗರಡಿಮನೆ. ಒಂದು ಬೇಸಿಗೆಯಲ್ಲಿ ಎಂಟನೆಯ, ಒಂಬತ್ತನೆಯ ನಂಬರಿನ ಕುಸ್ತಿಗಳನ್ನೇ ಹಿಡಿದು, ಹಿಡಿದವರನ್ನೆಲ್ಲ ಚಿತ್ ಮಾಡಿದನು. ಮರುವರ್ಷ ಅವನ ನಂಬರು ಮತ್ತೆ ಒಂಬತ್ತು. ಒಂಬತ್ತನೆಯ ಕುಸ್ತಿಯ ಹಣದಲ್ಲಿ ಹಾಲು, ತುಪ್ಪ, ಬದಾಮಿಯ ಖುರಾಕು ನಡೆಯುವುದಿಲ್ಲ. ಖುರಾಕಿಲ್ಲದೆ ಮೈ ಏರುವುದಿಲ್ಲ. ಮೈ ಏರದೆ ಮೇಲಿನ ಜೋಡಿಗೆ ಯಾರೂ ಕರೆಯುವುದಿಲ್ಲ. ಇತ್ತ ಒಂದನೆಯ ನಂಬರಿನ ಇಬ್ಬರು ಹೊತ್ತು ಮುಳುಗುವವರೆಗೆ ಕೈಕೈ ಹಿಡಿದು ತಳ್ಳಾಡಿ, ಕೊನೆಗೆ 'ಬರೋಬರಿ' ಎನಿಸಿಕೊಂಡು ಹಣ ಹಂಚಿಕೊಂಡು ಹೋಗುತ್ತಾರೆ. ಇಬ್ಬರ ಹೆಸರೂ ಹಾಗೆಯೇ ಉಳಿಯುತ್ತದೆ. ಮೇಲಿದ್ದವನನ್ನು ಕೆಡವಬಲ್ಲವನಿಗೆ ಅವನೆದುರು ನಿಲ್ಲುವ ಅವಕಾಶವೇ ಇಲ್ಲದಿದ್ದರೆ, ಮೊದಲು ಹಾಕಿದ ಅಂದಾಜು ತಪ್ಪೆಂದು ತೋರಿಸುವವರಾರು?

ಈ ವ್ಯಾಜ್ಯ ನಮ್ಮದೊಂದೇ ಅಲ್ಲ. ಅಮೇರಿಕದಲ್ಲಿ ಕಾಲೇಜುಗಳ ಫುಟ್‌ಬಾಲಿಗೆ (ಅವರದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಹೆಸರೇಕೆ ಹಾಗಿದೆಯೋ!) ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯು ಪತ್ರಕರ್ತರ ಮತ ಪಡೆದು ೧೯೩೬ರಿಂದ ಶ್ರೇಯಾಂಕ ಪಟ್ಟಿ ಕೊಡುತ್ತಿದೆ. ೧೯೫೦ರಿಂದ ಋತು ಆರಂಭವಾಗುವ ಮುನ್ನವೇ ಒಂದು ಪಟ್ಟಿ ಹೊರಡತೊಡಗಿತು. ನೂರಕ್ಕೂ ಹೆಚ್ಚು ತಂಡಗಳಿದ್ದು, ಪ್ರತಿಯೊಂದಕ್ಕೆ ಹನ್ನೆರಡರಷ್ಟೇ ಪಂದ್ಯಗಳಿರುವಾಗ ಎಲ್ಲರೂ ಎಲ್ಲರೊಡನೆ ಆಡಲು ಬಾರದು. ಆದುದರಿಂದ ಮತವೇ ಬಲವಾಯಿತು. ೨೦೦೪ರಲ್ಲಿ ಆ ಮೊದಲ ಪಟ್ಟಿಯಲ್ಲಿ ಸದರ್ನ್ ಕ್ಯಾಲಿಫೋರ್ನಿಯ ಒಂದನೆಯದು, ಒಕ್ಲಹೋಮ ಎರಡನೆಯದು, ಆಬರ್ನ್ ಹದಿನೇಳನೆಯದು. ಮೂರೂ ಒಂದೂ ಪಂದ್ಯ ಸೋಲದೆ ಋತುವನ್ನು ಮುಗಿಸಿದವು. ಅಂತಿಮ ಪಂದ್ಯಕ್ಕೆ ಹೋದವು ಮೊದಲು ಮೇಲೆ ಬರೆದಿದ್ದ ಆ ಎರಡೇ. ೨೦೦೫ರ ಜನವರಿಯಲ್ಲಿ ನಡೆದ ಆ ಪಂದ್ಯದಲ್ಲಿ ಒಕ್ಲಹೋಮ ೫೫-೧೯ರಿಂದ ಸೋತಿತು. ಆಬರ್ನ್ ಆಡಿದ್ದರೆ ಗೆಲ್ಲುತ್ತಿತ್ತೆಂದು ನಾನು ಹೇಳಲಾರೆ. ಆಡಲು ಬಿಟ್ಟಿದ್ದರೆ ಹೇಳಬಹುದಾಗಿತ್ತು. ಈ ಆಯ್ಕೆಯ ಬಗ್ಗೆ ಅಲ್ಲಿಯವರು ಸುಮ್ಮನಿರಲಿಲ್ಲ. ಅಂತಿಮ ಪಂದ್ಯದ ಆಯ್ಕೆಗೆ ತನ್ನ ಪಟ್ಟಿಯನ್ನು ಬಳಸಕೂಡದೆಂದು ಆ ಸುದ್ದಿಸಂಸ್ಥೆಯೇ ಕೇಳಿಕೊಂಡಿತು. ೨೦೧೪ರಿಂದ ಆಯ್ಕೆ ಮಾಡುತ್ತಿರುವ ಸಮಿತಿಯು ಸುಮಾರು ಎರಡು ತಿಂಗಳ ಆಟವಾದ ಮೇಲೆಯೇ ತನ್ನ ಮೊದಲ ಪಟ್ಟಿಯನ್ನು ಕೊಡುತ್ತದೆ.

ಹಾಗಾದರೆ ಶ್ರೇಯಾಂಕವೇ ಬೇಡವೆ? ಬೇಕು. ಕುಸ್ತಿಯಲ್ಲಿಯೂ ಬೇಕು. ೨೦೨೪ರ ಆಗಸ್ಟ್ ೬ರಂದು ಪ್ಯಾರಿಸ್ ಒಲಿಂಪಿಕ್ಸಿನ ೫೦ ಕಿಲೋ ವಿಭಾಗದಲ್ಲಿ ಶ್ರೇಯಾಂಕವಿಲ್ಲದ ನಮ್ಮ ವಿನೇಶ್ ಫೋಗಟ್ ಅವರಿಗೆ ಮೊದಲ ಸುತ್ತಿನಲ್ಲಿಯೇ ಎದುರಾದವರು ಒಂದನೆಯ ಶ್ರೇಯಾಂಕದ, ಟೋಕಿಯೋದ ಚಿನ್ನ ಗೆದ್ದಿದ್ದ ಜಪಾನಿನ ಯುಇ ಸುಸಾಕಿ. ಹೊರದೇಶದ ಯಾರಿಗೂ ಅದುವರೆಗೆ ಸೋಲದಿದ್ದ ಆಕೆಯನ್ನು ವಿನೇಶ್ ೩-೨ರಿಂದ ಕೆಡವಿದರು. ಮರುದಿನ ನೂರು ಗ್ರಾಂ ತೂಕಕ್ಕಾಗಿ ಅನರ್ಹರಾದ ದುಃಖ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇಲ್ಲಿ ಎರಡು ಮಾತು ಗಮನಿಸಬೇಕು. ಆ ಶ್ರೇಯಾಂಕ ಹುಟ್ಟಿದ್ದು ಹಿಂದೆ ಹಿಡಿದ ಕುಸ್ತಿಗಳ ಅಂಕಗಳಿಂದ, ಯಾರದೋ ಊಹೆಯಿಂದಲ್ಲ. ಎರಡನೆಯದಾಗಿ, ಶ್ರೇಯಾಂಕವಿಲ್ಲದವಳಿಗೂ ಒಂದನೆಯವಳ ಕೈ ಹಿಡಿಯಲು ಅಲ್ಲಿ ದಾರಿಯಿತ್ತು. ನಮ್ಮ ಕಣದಲ್ಲಿ ಆ ದಾರಿಯಿಲ್ಲ.

ಉತ್ತರ ಪತ್ರಿಕೆಯ ಮೇಲೆ ಹೆಸರು ಬರೆಯಬಾರದೆಂಬ ನಿಯಮವನ್ನು ನಾವು ಮೂರು ವರ್ಷ ಪಾಲಿಸಿದ್ದೇವೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ನಿಯಮದ ಬೆಲೆ ನನ್ನಂಥವನಿಗೆ ಸ್ವಲ್ಪ ಹೆಚ್ಚೇ ತಿಳಿದಿದೆ. ತರಗತಿಯಲ್ಲಿ ಮೊದಲ ವಾರದಲ್ಲಿಯೇ ಜಾಣರು ಯಾರೆಂದು ಗೊತ್ತಾಗಿಬಿಡುವುದು ಬೇರೆಯ ಮಾತು. ಅದನ್ನು ಅಧ್ಯಾಪಕರ ಆಲೋಚನೆಗೆ ಬಿಡುತ್ತೇನೆ.

ಕುಸ್ತಿಗೆ ನನ್ನ ಸೂಚನೆ ದೊಡ್ಡದೇನಲ್ಲ. ನಾಲ್ಕೂ ತಾಲೂಕುಗಳ ಜಾತ್ರಾ ಕಮಿಟಿಗಳು ಎರಡು ನೂರು ಪುಟದ ಒಂದೊಂದು ವಹಿ ಇಡಲಿ: ಯಾರು ಯಾರನ್ನು ಹಿಡಿದರು, ಎಷ್ಟು ಹೊತ್ತಿನಲ್ಲಿ ಚಿತ್ ಆಯಿತು, ಯಾವುದು ಬರೋಬರಿಯಾಯಿತು. ಮುಂದಿನ ಊರಿನವರು ಜೋಡಿ ಹಚ್ಚುವಾಗ ಆ ವಹಿಯನ್ನು ತರಿಸಿ ನೋಡಲಿ. ಬೇಸಿಗೆಯಲ್ಲಿ ಜಾತ್ರೆಗಳು ಒಂದರ ಹಿಂದೊಂದು ಬರುವುದರಿಂದ ಇದು ಆಗದ ಕೆಲಸವಲ್ಲ. ದೇಣಿಗೆಯವರಿಗಾಗಿ ಒಂದನೆಯ ಜೋಡಿ ಹೆಸರಿನ ಮೇಲೆಯೇ ಇರಲಿ, ನನ್ನ ತಕರಾರಿಲ್ಲ. ಎರಡನೆಯ ಜೋಡಿಯಲ್ಲಿ ಮಾತ್ರ ಒಬ್ಬನನ್ನು ಆ ವರ್ಷ ಕೆಳಗಿನ ನಂಬರುಗಳಲ್ಲಿ ಹೆಚ್ಚು ಗೆದ್ದವರಿಂದ ಆರಿಸಲಿ. ಅವನು ಯಾರೆಂದು ಹದಿನೈದು ದಿನ ಮೊದಲೇ ಹೇಳಲಾಗದು, ಭಿತ್ತಿಪತ್ರದಲ್ಲಿ ಒಂದು ಚಿತ್ರದ ಜಾಗ ಖಾಲಿ ಉಳಿಯುತ್ತದೆ ಎಂದು ಅಚ್ಚುಕೂಟದವರು ಗೊಣಗಬಹುದು. ಉಳಿಯಲಿ, ಆ ಖಾಲಿ ಜಾಗದಲ್ಲಿ ಯಾರು ಬರುವರೆಂದು ಚಹದಂಗಡಿಯಲ್ಲಿ ನಡೆಯುವ ವಾದಕ್ಕೇ ಅರ್ಧ ಊರು ಕುಸ್ತಿ ನೋಡಲು ಬಂದೀತು.