ಸುಭಾಸ ರಸ್ತೆಯ ಒಂದು ಅಟ್ಟ: ಸಾಹಿತ್ಯ ಚರಿತ್ರೆಗೆ ವಿಳಾಸ ಬೇಕು

'ಲಕ್ಷ್ಮೀ ಭವನ, ಸುಭಾಸ ರಸ್ತೆ, ಧಾರವಾಡ'. ಆಧುನಿಕ ಕನ್ನಡ ಸಾಹಿತ್ಯವನ್ನು ಓದಿಕೊಂಡು ಬಂದವರಿಗೆ ಈ ವಿಳಾಸ ಅಪರಿಚಿತವಲ್ಲ. ಮನೋಹರ ಗ್ರಂಥಮಾಲೆಯ ಪುಸ್ತಕಗಳ ಮುಖಪುಟ ತಿರುವಿದರೆ ಕಾಣುವ ಸಾಲು ಇದು. ಆದರೆ ನಮ್ಮ ಸಂಶೋಧನ ಪ್ರಬಂಧಗಳ ಗ್ರಂಥಸೂಚಿಯಲ್ಲಿ ಇದೇ ವಿಳಾಸ 'ಧಾರವಾಡ' ಎಂಬ ಒಂದೇ ಪದಕ್ಕೆ ಇಳಿಯುತ್ತದೆ. ಭವನ ಬಿದ್ದುಹೋಗುತ್ತದೆ, ರಸ್ತೆ ಬಿದ್ದುಹೋಗುತ್ತದೆ. ಊರು ಮತ್ತು ಇಸವಿ ಮಾತ್ರ ಉಳಿಯುತ್ತವೆ. ಇದು ಬರವಣಿಗೆಯ ಅನುಕೂಲಕ್ಕಾಗಿ ಮಾಡಿಕೊಂಡ ಸಂಕ್ಷೇಪವೆಂದು ಸುಮ್ಮನಿರಬಹುದಿತ್ತು. ಆದರೆ ಗ್ರಂಥಸೂಚಿಯಲ್ಲಿ ಬಿಟ್ಟುಹೋದದ್ದು ಸಾಹಿತ್ಯ ಚರಿತ್ರೆಯ ಬರವಣಿಗೆಯಲ್ಲಿಯೂ ಬಿಟ್ಟುಹೋಗಿದೆ. ಕವಿ, ಕೃತಿ, ಪಂಥ, ಕಾಲಘಟ್ಟ ಎಂಬ ನಾಲ್ಕು ಕಂಬಗಳ ಮೇಲೆ ನಾವು ಕಟ್ಟಿದ ಚರಿತ್ರೆಗೆ ನೆಲವೇ ಇಲ್ಲ.

ಬೀದಿಯೊಂದರ ಚರಿತ್ರೆಯನ್ನು ಕನ್ನಡ ಅಧ್ಯಯನದ ಆಕರವೆಂದು ಪರಿಗಣಿಸಬೇಕು ಎಂಬುದು ಈ ಲೇಖನದ ವಾದ. ಊರಭಿಮಾನದ ನೆನಪುಗಳನ್ನು ಹೆಚ್ಚಿಸುವುದು ಇದರ ಉದ್ದೇಶವಲ್ಲ. ಅಂತಹ ಬರಹಗಳು ಧಾರವಾಡದ ಬಗ್ಗೆ ಸಾಕಷ್ಟಿವೆ. ಶಿಸ್ತಿನ ಪ್ರಶ್ನೆಯೊಂದನ್ನು ಎತ್ತುವುದಷ್ಟೇ ಇಲ್ಲಿನ ಪ್ರಯತ್ನ. ಶಾಸನ ಸಂಪಾದನೆಯಲ್ಲಿ ನಾವು ಪಾಠವನ್ನು ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ. ಕಲ್ಲು ಯಾವ ಊರಿನಲ್ಲಿದೆ, ಯಾವ ಗುಡಿಯ ಯಾವ ದಿಕ್ಕಿನ ಗೋಡೆಗೆ ಒರಗಿದೆ, ಮೂಲದಲ್ಲಿ ಅಲ್ಲಿಯೇ ಇತ್ತೋ ಬೇರೆಡೆಯಿಂದ ತಂದದ್ದೋ ಎಂಬುದನ್ನೆಲ್ಲ ದಾಖಲಿಸುತ್ತೇವೆ. ಸ್ಥಳ ತಿಳಿಯದ ಶಾಸನದಿಂದ ತೆಗೆದ ತೀರ್ಮಾನವನ್ನು ಅರ್ಧ ಅನುಮಾನದಿಂದಲೇ ನೋಡುತ್ತೇವೆ. 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಪರಂಪರೆ ನಮಗೆ ಕಲಿಸಿದ ಶಿಸ್ತು ಇದು. ಹತ್ತನೆಯ ಶತಮಾನದ ಕಲ್ಲಿಗೆ ಅನ್ವಯಿಸುವ ಈ ಎಚ್ಚರವನ್ನು ಇಪ್ಪತ್ತನೆಯ ಶತಮಾನದ ಪುಸ್ತಕಕ್ಕೆ ನಾವೇಕೆ ಅನ್ವಯಿಸುವುದಿಲ್ಲ?

1. ಕಟ್ಟಡಗಳ ಸಾಕ್ಷ್ಯ

ಕಟ್ಟಡ ಏನನ್ನು ಹೇಳಬಲ್ಲದು ಎಂಬುದಕ್ಕೆ ಮೊದಲು ಸುಭಾಸ ರಸ್ತೆಯ ಆಚೆಗಿನ ಒಂದು ನಿದರ್ಶನವನ್ನು ನೋಡಬಹುದು. ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡ ಕಾಲೇಜಿಗಾಗಿ ಕಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿತ್ತು. 1908ರಲ್ಲಿ ಆ ರೈಲ್ವೆಯು ಮದ್ರಾಸ್ ರೈಲ್ವೆಯೊಡನೆ ಸೇರಿ ಕೇಂದ್ರ ಕಚೇರಿ ಮದ್ರಾಸಿನ ಪಾಲಾಯಿತು. 1917ರಲ್ಲಿ ಆರಂಭವಾದ ಕಾಲೇಜಿಗೆ ಮುಂದೆ ಆ ಕಟ್ಟಡವೇ ನೆಲೆಯಾಯಿತು. ಹತ್ತಿ ಮತ್ತು ಸೈನ್ಯವನ್ನು ಸಾಗಿಸುವ ಲೆಕ್ಕಪತ್ರಗಳಿದ್ದ ಕೋಣೆಗಳಲ್ಲಿ ಮುಂದೆ ಪಂಪ, ಷೇಕ್ಸ್‌ಪಿಯರ್ ಬಂದರು. ಧಾರವಾಡವು 'ವಿದ್ಯಾನಗರಿ'ಯಾದುದು ಸಂಸ್ಕೃತಿಯ ಸಹಜ ವಿಕಾಸವೆಂಬಂತೆ ನಾವು ಬರೆಯುತ್ತೇವೆ. ವಸಾಹತು ಆಡಳಿತದ ಒಂದು ಕಚೇರಿ ಸ್ಥಳಾಂತರಗೊಂಡದ್ದೂ ಅದರ ಕಾರಣಗಳಲ್ಲಿ ಒಂದು ಎಂಬುದನ್ನು ಆ ಕಟ್ಟಡ ನೆನಪಿಸುತ್ತದೆ.

ಹಾಗೆಯೇ ಲೈನ್ ಬಜಾರ. ಸೈನ್ಯದ 'ಲೈನು'ಗಳ ನೆನಪನ್ನು ಹೆಸರಿನಲ್ಲಿಯೇ ಹೊತ್ತ ಈ ಪೇಟೆಯಲ್ಲಿ, ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನ ಪೇಡೆ ಮಾಡತೊಡಗಿತು. ಹೊರಗಿನಿಂದ ಬಂದ ಸಿಹಿ ಊರಿನ ಹೆಸರನ್ನೇ ಧರಿಸಿತು. ಇಂದು 'ಧಾರವಾಡ ಪೇಡೆ'ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಪೇಡೆ ಯಾವ ಬಜಾರದ್ದು, ಯಾವ ಮನೆತನದ್ದು ಎಂಬುದನ್ನು ಊರು ಜತನದಿಂದ ಕಾಯ್ದುಕೊಂಡಿದೆ. ಪುಸ್ತಕ ಯಾವ ಬೀದಿಯದು ಎಂಬುದನ್ನು ನಾವು, ಅದನ್ನೇ ಕಸುಬು ಮಾಡಿಕೊಂಡವರು, ಕಾಯ್ದುಕೊಂಡಿಲ್ಲ.

1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಚರಿತ್ರೆಯನ್ನು ಏಕೀಕರಣದ ಸಂದರ್ಭದಲ್ಲಿ ಎಲ್ಲರೂ ಉಲ್ಲೇಖಿಸುತ್ತೇವೆ. ಶಾಲೆ ಮತ್ತು ಕಚೇರಿಗಳಲ್ಲಿ ಮರಾಠಿ ಮೇಲುಗೈ ಪಡೆದಿದ್ದ ಪ್ರಾಂತದಲ್ಲಿ ಕನ್ನಡಕ್ಕೆ ಒಂದು ಮನೆ ಬೇಕೆಂಬ ಹಂಬಲದಿಂದ ಹುಟ್ಟಿದ ಸಂಸ್ಥೆ ಅದು. ಇಲ್ಲಿ 'ಮನೆ' ಎಂಬುದು ರೂಪಕ ಮಾತ್ರವಲ್ಲ. ಸಭೆ ಸೇರಲು ಛಾವಣಿ, ಪುಸ್ತಕ ಇಡಲು ಕಪಾಟು, ಪತ್ರ ಬಂದರೆ ತೆಗೆದುಕೊಳ್ಳಲು ಒಬ್ಬ ಮನುಷ್ಯ: ಭಾಷಾ ಚಳವಳಿಗಳು ನಿಲ್ಲುವುದು ಇವುಗಳ ಮೇಲೆ.

2. ಅಟ್ಟ ಎಂಬ ಅಂಚೆ ವಿಳಾಸ

ಈಗ ಸುಭಾಸ ರಸ್ತೆಗೆ ಬರೋಣ. ಜಿ.ಬಿ. ಜೋಶಿಯವರು (ಜಡಭರತ) 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಕನ್ನಡದಲ್ಲಿ 'ಅಟ್ಟ' ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪೇಟೆಯ ರಸ್ತೆ, ಕೆಳಗೆ ವ್ಯಾಪಾರ, ಮೆಟ್ಟಿಲು ಹತ್ತಿದರೆ ಸಾಹಿತ್ಯ. ಅಟ್ಟದ ಬಗ್ಗೆ ನಮ್ಮಲ್ಲಿ ಬೆಳೆದಿರುವ ಚಿತ್ರ ಹೆಚ್ಚಾಗಿ ಹರಟೆಯದು: ಲೇಖಕರು ಕೂಡುತ್ತಾರೆ, ಚಹಾ ಬರುತ್ತದೆ, ವಾದ ನಡೆಯುತ್ತದೆ, ಕೃತಿ ಹುಟ್ಟುತ್ತದೆ. ಈ ಚಿತ್ರ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ ನಿಜವೆಂದು ಗ್ರಂಥಮಾಲೆಯ ಪ್ರಕಟಣೆಗಳ ಪಟ್ಟಿಯೇ ಸೂಚಿಸುತ್ತದೆ.

1961ರಲ್ಲಿ ಇಲ್ಲಿಂದ 'ಯಯಾತಿ' ಪ್ರಕಟವಾದಾಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದರು. 1964ರಲ್ಲಿ 'ತುಘಲಕ್' ಬಂದಾಗ ಅವರ ಉದ್ಯೋಗ ಮದರಾಸಿನಲ್ಲಿ. 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಸಂಕಲನವನ್ನು ಅಟ್ಟಕ್ಕೆ ಕೊಟ್ಟ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಅಧ್ಯಾಪಕರು. 1961ರಲ್ಲಿಯೇ ಬಂದ 'ಮುಕ್ತಿ'ಯ ಶಾಂತಿನಾಥ ದೇಸಾಯಿಯವರು ಬಹುಕಾಲ ಕೊಲ್ಲಾಪುರದಲ್ಲಿ ಇಂಗ್ಲಿಷ್ ಕಲಿಸಿದವರು. ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರ ಅಧ್ಯಾಪನ ಬದುಕಿನ ಬಹುಭಾಗ ಗುಜರಾತಿನಲ್ಲಿ ಕಳೆಯಿತು. ಅಂದರೆ ಅಟ್ಟವನ್ನು ಕಟ್ಟಿದವರಲ್ಲಿ ಅನೇಕರು ಅಟ್ಟದಲ್ಲಿ ಇರಲೇ ಇಲ್ಲ! ಕೂಡಿ ಕುಳಿತದ್ದಕ್ಕಿಂತ ಹೆಚ್ಚಾಗಿ ಅವರು ಪತ್ರ ಬರೆದರು, ಹಸ್ತಪ್ರತಿ ಕಳಿಸಿದರು, ಉತ್ತರಕ್ಕೆ ಕಾದರು. ಅಟ್ಟ ಎಂಬುದು ಹರಟೆಯ ಕಟ್ಟೆಯಾಗಿದ್ದಷ್ಟೇ ಅಂಚೆಯ ವಿಳಾಸವೂ ಆಗಿತ್ತು.

ಈ ಸಣ್ಣ ತಿದ್ದುಪಡಿಯಿಂದ ನವ್ಯದ ಬಗೆಗಿನ ನಮ್ಮ ತಿಳಿವಳಿಕೆಯೇ ಸ್ವಲ್ಪ ಬದಲಾಗಬೇಕಾಗುತ್ತದೆ. ನವ್ಯ ಸಾಹಿತ್ಯವನ್ನು ನಾವು ಬೇರು ಕಿತ್ತುಕೊಂಡ ಏಕಾಕಿ ವ್ಯಕ್ತಿಯ, ಮಹಾನಗರದ ಅನುಭವದ ಸಾಹಿತ್ಯವೆಂದು ಪಾಠ ಹೇಳುತ್ತೇವೆ. ಆದರೆ ಆಕ್ಸ್‌ಫರ್ಡು ಮತ್ತು ಷಿಕಾಗೋಗಳಲ್ಲಿದ್ದ ಆ ವ್ಯಕ್ತಿಗಳು ತಮ್ಮ ಬರಹವನ್ನು ಕಳಿಸಿದ್ದು ಬೆಂಗಳೂರು ಮುಂಬಯಿಗಳಿಗಲ್ಲ, ಜಿಲ್ಲಾ ಕೇಂದ್ರವೊಂದರ ಪೇಟೆಬೀದಿಯ ಅಟ್ಟಕ್ಕೆ. ಅಲ್ಲಿಂದ ಪುಸ್ತಕ ಹೋದದ್ದು ಚಂದಾ ಕೊಟ್ಟು ಗ್ರಂಥಮಾಲೆಗೆ ಸದಸ್ಯರಾದ ಓದುಗರ ಮನೆಗೆ. ದೂರದ ಲೇಖಕ, ನಡುವೆ ಒಂದು ಬೀದಿ, ಮತ್ತೆ ದೂರದ ಓದುಗ: ಈ ಮೂರನ್ನೂ ಕಾಣದೆ ನವ್ಯದ ಸಾಮಾಜಿಕ ಚರಿತ್ರೆಯನ್ನು ಬರೆಯಲಾಗದು. ಗ್ರಂಥಮಾಲೆಯ ಬೆಳ್ಳಿಹಬ್ಬದ ನೆನಪಿಗೆ ಬಂದ ಸಂಪುಟಗಳಿಗೆ 'ನಡೆದು ಬಂದ ದಾರಿ' ಎಂದೇ ಹೆಸರು. ಕನ್ನಡ ಸಾಹಿತ್ಯ ನಡೆದು ಬಂದ ದಾರಿಯನ್ನು ಅವು ಪರಿಶೀಲಿಸಿದವು. ಆ ದಾರಿಗಳಲ್ಲಿ ಒಂದಕ್ಕೆ ಡಾಂಬರು, ಗಟಾರ, ಅಂಗಡಿ ಸಾಲು ಇದ್ದವು ಎಂಬುದನ್ನು ನಾವು ಸೇರಿಸಬೇಕಾಗಿದೆ.

3. ಮೆಟ್ಟಿಲು ಹತ್ತದವರು

ಬೀದಿಯ ಚರಿತ್ರೆ ಪ್ರಾಮಾಣಿಕವಾಗಬೇಕಾದರೆ ಮೆಟ್ಟಿಲು ಹತ್ತಿದವರನ್ನು ಮಾತ್ರ ಎಣಿಸಿ ಮುಗಿಸಬಾರದು. ಅಟ್ಟದ ಬಗೆಗಿನ ನೆನಪುಗಳಲ್ಲಿ ಬರುವ ಹೆಸರುಗಳು ಬಹುಮಟ್ಟಿಗೆ ಪುರುಷರವು, ಬಹುಮಟ್ಟಿಗೆ ಮೇಲುಜಾತಿಯ ವಿದ್ಯಾವಂತರವು. ಇದನ್ನು ಆಪಾದನೆಯಾಗಿ ಹೇಳುತ್ತಿಲ್ಲ. ಆ ಕಾಲದ ಅಕ್ಷರಲೋಕದ ರಚನೆಯೇ ಹಾಗಿತ್ತು. ಆದರೆ ರಚನೆಯನ್ನು ಗುರುತಿಸದೆ ಗುಣಗಾನ ಮಾಡಿದರೆ ಚರಿತ್ರೆಯು ಚರಿತ್ರೆಯಾಗದೆ ಸ್ಥಳಪುರಾಣವಾಗುತ್ತದೆ. ಅದೇ ಬೀದಿಯಲ್ಲಿ ಮೊಳೆ ಜೋಡಿಸಿದವರು ಯಾರು, ಕರಡು ಹೊತ್ತು ತಿರುಗಿದ ಹುಡುಗ ಯಾರು, ಹೊಲಿದು ರಟ್ಟು ಹಾಕಿದವರು ಯಾರು, ಗಂಟು ಕಟ್ಟಿ ಅಂಚೆಗೆ ಒಯ್ದವರು ಯಾರು? ಇವರ ಹೆಸರು ಕೃತಿಯ ಯಾವ ಪುಟದಲ್ಲಿಯೂ ಇಲ್ಲ. ಬೀದಿಯ ಮಾತಿನಲ್ಲಿ ಮಾತ್ರ ಇರಬಹುದು. ಆ ಮಾತನಾಡುವವರ ವಯಸ್ಸು ಈಗ ಎಂಬತ್ತರ ಸುತ್ತಮುತ್ತ.

ಒಂದು ಬೀದಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದೂ ಅಗತ್ಯ. ಬಾಸೆಲ್ ಮಿಶನ್ನಿನ ಆವರಣ, ಮುರುಘಾಮಠದ ಆಸುಪಾಸು, ಬೇಂದ್ರೆಯವರ ಸಾಧನಕೇರಿ, ಲೈನ್ ಬಜಾರ ಇವು ಪ್ರತಿಯೊಂದೂ ಬೇರೆ ಬೇರೆ ಅಕ್ಷರ ಸಮುದಾಯಗಳು. ಶಿಕ್ಷಕರ ತರಬೇತಿಗೆ, ಪ್ರಸಾದ ನಿಲಯಕ್ಕೆ, ಮಿಶನ್ ಶಾಲೆಗೆ ಬಂದ ಹಳ್ಳಿಯ ಹುಡುಗನ ಧಾರವಾಡವೂ ಅಟ್ಟದ ಧಾರವಾಡವೂ ಒಂದೇ ಆಗಿರಲಿಲ್ಲ. ಇವು ಎಲ್ಲಿ ಕೂಡುತ್ತಿದ್ದವು, ಎಲ್ಲಿ ಬೆನ್ನು ತಿರುಗಿಸಿದ್ದವು ಎಂಬುದನ್ನು ಬೀದಿಗಳ ನಕ್ಷೆ ಹೇಳುವಷ್ಟು ಸ್ಪಷ್ಟವಾಗಿ ಕೃತಿಗಳು ಹೇಳಲಾರವು.

4. ಓದಬೇಕಾದ ಕಾಗದಗಳು

ಇಂತಹ ಅಧ್ಯಯನಕ್ಕೆ ಆಕರಗಳಿವೆಯೇ? ಇವೆ, ನಾವು ಅವನ್ನು ಓದಲು ಸಿದ್ಧರಾಗಿಲ್ಲ. ಸಿಟಿ ಸರ್ವೆಯ ಉತಾರೆಗಳು, ಖರೀದಿ ಪತ್ರಗಳು, ಪುರಸಭೆಯ ಠರಾವುಗಳು, ಬಾಡಿಗೆಯ ಕರಾರುಗಳು, ಮುದ್ರಣಾಲಯದ ಲೆಕ್ಕದ ವಹಿಗಳು, ಚಂದಾದಾರರ ಯಾದಿಗಳು ಇವೆಲ್ಲ ಬೀದಿಯ ಪಠ್ಯಗಳು. ರಸ್ತೆಯ ಹೆಸರೂ ಒಂದು ದಾಖಲೆಯೇ. ಸುಭಾಷಚಂದ್ರ ಬೋಸರ ಹೆಸರನ್ನು ಪೇಟೆಯ ರಸ್ತೆಗೆ ಇಟ್ಟ ಊರು ತನ್ನ ರಾಜಕೀಯ ನಿಲುವನ್ನು ಅಲ್ಲಿ ಬರೆದಿದೆ. ನಾಮಕರಣದ ಠರಾವಿನ ತಾರೀಖು ಹುಡುಕುವುದು ಯಾವುದೇ ಎಂ.ಫಿಲ್. ಪ್ರಬಂಧದ ಮೊದಲ ಅಧ್ಯಾಯದ ಕೆಲಸವಾಗಬಹುದಿತ್ತು.

ತೊಡಕು ಇರುವುದು ಲಿಪಿಯಲ್ಲಿ. ಮುಂಬಯಿ ಕರ್ನಾಟಕದ ಹಳೆಯ ಆಡಳಿತ ಮತ್ತು ವ್ಯವಹಾರದ ಕಾಗದಗಳಲ್ಲಿ ದೊಡ್ಡ ಪಾಲು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಇದೆ. ಹಳಗನ್ನಡ ಶಾಸನ ಲಿಪಿಯನ್ನು ಕಲಿಸುವ ನಮ್ಮ ವಿಭಾಗಗಳಲ್ಲಿ ಮೋಡಿ ಕಲಿಸುವವರು ವಿರಳ. ಪರಿಣಾಮವಾಗಿ ಸಾವಿರ ವರ್ಷದ ಹಿಂದಿನ ದತ್ತಿಯ ಎಲ್ಲೆಕಟ್ಟುಗಳನ್ನು ನಾವು ಓದಬಲ್ಲೆವು. ನಮ್ಮ ಅಜ್ಜನ ಮನೆಯ ಚಕ್ಕುಬಂದಿಯನ್ನು ಓದಲಾರೆವು. ಮರಾಠಿಯ ಯಜಮಾನಿಕೆಯನ್ನು ವಿರೋಧಿಸಿ ಕಟ್ಟಿದ ಕನ್ನಡದ ಮನೆಗಳ ಚರಿತ್ರೆಯನ್ನು ತಿಳಿಯಲು ಮರಾಠಿ ಕಾಗದವನ್ನೇ ಬಿಚ್ಚಬೇಕೆಂಬುದು ವ್ಯಂಗ್ಯವೆನಿಸಬಹುದು. ಗಡಿನಾಡಿನ ಸಂಶೋಧನೆಗೆ ಈ ವ್ಯಂಗ್ಯ ಅನಿವಾರ್ಯ.

ಕಾಲವೂ ನಮ್ಮ ಪರವಾಗಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಗಾಗಿ ಹಳೆಯ ಪುಣೆ-ಬೆಂಗಳೂರು ರಸ್ತೆಯನ್ನು ಅಗಲಗೊಳಿಸಿದಾಗ ರಸ್ತೆಬದಿಯ ಕಟ್ಟಡಗಳು ಉರುಳಿದವು. ಸಾರಿಗೆ ಬೇಕು, ಆ ಬಗ್ಗೆ ತಕರಾರಿಲ್ಲ. ಉರುಳುವ ಮುನ್ನ ಒಂದು ಛಾಯಾಚಿತ್ರ, ಒಂದು ಅಳತೆ, ಮನೆಯವರೊಡನೆ ಒಂದು ತಾಸಿನ ಮಾತು ಇಷ್ಟನ್ನು ದಾಖಲಿಸುವ ಹೊಣೆ ಮಾತ್ರ ಯಾರದೂ ಆಗಲಿಲ್ಲ. ಅದು ನಮ್ಮದಾಗಬಹುದಿತ್ತು.

ಇನ್ನೊಂದು ವಿಳಾಸವನ್ನು ಹೇಳದೆ ಮುಂದೆ ಹೋಗುವುದು ಸಾಧ್ಯವಿಲ್ಲ. 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಕಲ್ಯಾಣನಗರದ ಅವರ ಮನೆಯ ಬಾಗಿಲಿಗೆ ಬಂದು ಕೊಂದರು. ಸ್ಥಳನಾಮ, ಶಾಸನ, ಕೈಫಿಯತ್ತುಗಳಲ್ಲಿ ಊರನ್ನು ಓದುವ ವಿಧಾನವನ್ನು ತಮ್ಮ ಕೆಲಸದಿಂದ ತೋರಿಸಿದ ವಿದ್ವಾಂಸರ ಮನೆಯೇ ಸಾಹಿತ್ಯ ಚರಿತ್ರೆಯ ಒಂದು ದಾರುಣ ಸ್ಥಳವಾಯಿತು. ಸಂಶೋಧನೆಗೆ ನೆಲವಿಲ್ಲ, ಬೀದಿಯಿಲ್ಲ ಎಂದು ಇನ್ನು ಮುಂದೆ ನಾವು ಹೇಳುವಂತಿಲ್ಲ.

5. ಓಣಿಯಿಂದ ಆರಂಭ

ಬೀದಿಯ ಚರಿತ್ರೆ ನಗರಗಳಿಗೆ ಮಾತ್ರ ಸಲ್ಲುವ ವಿಷಯವಲ್ಲ. ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ರಾಮದುರ್ಗ ತಾಲೂಕಿನ ಸಾಲಹಳ್ಳಿಯಂತಹ ಊರುಗಳವರು. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. 1939ರಲ್ಲಿ ಅಲ್ಲಿ ಸಂಸ್ಥಾನದ ವಿರುದ್ಧ ಪ್ರಜೆಗಳು ಸಿಡಿದೆದ್ದ ಘಟನೆ ರಾಷ್ಟ್ರೀಯ ಚಳವಳಿಯ ಚರಿತ್ರೆಯಲ್ಲಿ ದಾಖಲಾಗಿದೆ. ಅರಮನೆ, ನೇಕಾರರ ಮನೆಗಳು, ಪೇಟೆ, ಮಲಪ್ರಭೆಯ ದಂಡೆ: ಅಲ್ಲಿಯ ಬೀದಿಗಳಿಗೂ ಓದುಗರು ಬೇಕು. ಸಾಲಹಳ್ಳಿಯ ವಿದ್ಯಾರ್ಥಿಗೆ ಕುಮಾರವ್ಯಾಸನ ಅಲಂಕಾರಗಳ ಮೇಲೆ ಇನ್ನೊಂದು ಕಿರುಪ್ರಬಂಧ ಬರೆಯಿಸುವ ಬದಲು, ತನ್ನ ಓಣಿಯ ಹತ್ತು ಮನೆಗಳನ್ನು ದಾಖಲಿಸಿಕೊಂಡು ಬಾ ಎಂದು ಹೇಳಿದರೆ ಏನಾದೀತು? ತಲೆಬಾಗಿಲು, ಪಡಸಾಲೆ, ಬಂಕ, ಮಾಳಿಗೆ, ಹಗೇವು ಎಂಬ ಪದಗಳು ಅವುಗಳ ಬಳಕೆಯೊಂದಿಗೆ ಬಂದಾವು. ಯಾರ ಮನೆಯಲ್ಲಿ ಪುರಾಣ ಪ್ರವಚನ ನಡೆಯುತ್ತಿತ್ತು, ಯಾವ ಕಟ್ಟೆಯ ಮೇಲೆ ಬಯಲಾಟದ ತಾಲೀಮು ಆಗುತ್ತಿತ್ತು, ಯಾರಿಗೆ ಆ ಕಟ್ಟೆಯ ಮೇಲೆ ಕೂಡ್ರುವ ಹಕ್ಕು ಇರಲಿಲ್ಲ ಎಂಬುದೂ ಬಂದೀತು. ಯಾವ ಶಾಲೆಯ ಮಾಸ್ತರರ ಮನೆಗೆ ಧಾರವಾಡದಿಂದ ಪುಸ್ತಕದ ಗಂಟು ಬರುತ್ತಿತ್ತು ಎಂಬುದೂ ತಿಳಿದೀತು. ಆಗ ಸುಭಾಸ ರಸ್ತೆಯಿಂದ ಹೊರಟ ದಾರಿಯ ಇನ್ನೊಂದು ತುದಿ ನಮಗೆ ಕಾಣಿಸುತ್ತದೆ.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸಗಳು ಮೂರು. ಸ್ನಾತಕೋತ್ತರ ಪಠ್ಯದಲ್ಲಿ ಮೋಡಿ ಲಿಪಿಯ ಪರಿಚಯಕ್ಕೆ ಒಂದು ಅರ್ಧ ಪತ್ರಿಕೆಯನ್ನಾದರೂ ಮೀಸಲಿಡುವುದು. ಪ್ರಕಾಶಕರ ಪತ್ರ, ವಹಿ, ಚಂದಾ ಯಾದಿಗಳನ್ನು ಅವರ ಒಪ್ಪಿಗೆಯಿಂದ ಪ್ರತಿ ಮಾಡಿ ಕಾಯ್ದಿಡುವುದು. ಸಂಶೋಧನ ಪ್ರಬಂಧಗಳ ಗ್ರಂಥಸೂಚಿಯಲ್ಲಿ ಪ್ರಕಾಶಕರ ಪೂರ್ಣ ವಿಳಾಸವನ್ನು ಕಡ್ಡಾಯಗೊಳಿಸುವುದು. ಮೂರನೆಯದಕ್ಕೆ ಹಣ ಬೇಕಿಲ್ಲ, ಸಮಿತಿ ಬೇಕಿಲ್ಲ, ಮುಂದಿನ ಪ್ರಬಂಧದಿಂದಲೇ ಆರಂಭಿಸಬಹುದು. 'ಧಾರವಾಡ' ಎಂದು ಬರೆಯುವಲ್ಲಿ 'ಲಕ್ಷ್ಮೀ ಭವನ, ಸುಭಾಸ ರಸ್ತೆ, ಧಾರವಾಡ' ಎಂದು ಬರೆದರೆ, ಓದಿದವರಲ್ಲಿ ಒಬ್ಬರಾದರೂ ಆ ಮೆಟ್ಟಿಲು ಹತ್ತಿ ನೋಡಿಯಾರು.