ಮಂಟಪದ ಅಸುರನಿಗೆ ಕಾಗದದ ಕವಚ

ವಿಜಯದಶಮಿಯ ರಾತ್ರಿ ಬೆಳಗಾಗುವವರೆಗೂ ಮಡಿಕೇರಿಯ ರಸ್ತೆಗಳಲ್ಲಿ ನಿಂತು ದಶಮಂಟಪ ನೋಡುತ್ತೇವೆ. ಅಸುರನ ವೇಷ ಹಾಕಿದವನ ಕಿರೀಟ, ಎದೆಗವಚ ಯಾರು ಮಾಡಿದ್ದು ಎಂದು ಕೇಳುವವರು ಕಡಿಮೆ. ನಮ್ಮ ವಯಸ್ಸಿನ ಹೆಚ್ಚಿನವರ ಪಾಲು ಚಂದಾ ಎತ್ತುವುದಕ್ಕೆ, ಡಿಜೆಗೆ ಕುಣಿಯುವುದಕ್ಕೆ ಮುಗಿಯುತ್ತದೆ. ಅಂಥ ಒಂದು ಕವಚವನ್ನಾದರೂ ಇಲ್ಲಿನ ಕಾಲೇಜು ವಿದ್ಯಾರ್ಥಿಗಳೇ ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಅದೂ ಕಾಗದದಲ್ಲಿ.

ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋದವರು ಐರನ್ ಮ್ಯಾನ್ ವೇಷದವರನ್ನು ನೋಡಿರುತ್ತೀರಿ. ಅಂಥ ಎಷ್ಟೋ ಕವಚಗಳು ಮೊದಲು ರೂಪ ಪಡೆಯುವುದು ಕಾಗದದಲ್ಲೇ. ಕಂಪ್ಯೂಟರ್‌ನಲ್ಲಿರುವ ತ್ರೀಡಿ ಮಾದರಿಯನ್ನು ಜಪಾನಿನ ಪೆಪಾಕುರ ಎಂಬ ಸಾಫ್ಟ್‌ವೇರ್ ಕಿತ್ತಳೆ ಸಿಪ್ಪೆಯಂತೆ ಬಿಡಿಸಿ ಚಪ್ಪಟೆ ತುಂಡುಗಳಾಗಿ ಹರಡುತ್ತದೆ. ಉಚಿತವಾಗಿ ಸಿಗುವ ಬ್ಲೆಂಡರ್‌ಗೂ ಇದನ್ನೇ ಮಾಡುವ ಆಡ್-ಆನ್ ಇದೆ. ತುಂಡುಗಳನ್ನು 180–200 ಜಿಎಸ್‌ಎಂ ದಪ್ಪದ ಹಾಳೆಯಲ್ಲಿ ಪ್ರಿಂಟ್ ಮಾಡಿ, ಕತ್ತರಿಸಿ, ಗೆರೆ ನೋಡಿ ಮಡಚಿ, ಅಂಚಿನ ನಂಬರ್ ಹೊಂದಿಸಿ ಅಂಟಿಸಬೇಕು. ಒಂದು ಶಿರಸ್ತ್ರಾಣಕ್ಕೇ ಹಲವು ಸಂಜೆಗಳು ಬೇಕು. ತಲೆಯ ಅಳತೆ ಮೊದಲೇ ಸರಿಯಾಗಿ ಹಾಕದಿದ್ದರೆ ಅಷ್ಟೂ ಶ್ರಮ ದಂಡ.

ನಮ್ಮ ಊರಿಗೇ ಇರುವ ತೊಡಕು ಮಳೆ. ಬಟ್ಟೆಯೇ ಒಣಗದ ಕಕ್ಕಡ ತಿಂಗಳಲ್ಲಿ ಕಾಗದ ತೇವ ಹೀರಿ ಸೊಟ್ಟಗಾಗುತ್ತದೆ. ಹಾಗಾಗಿ ಕಕ್ಕಡದಲ್ಲಿ ಕಂಪ್ಯೂಟರ್ ಕೆಲಸ ಮುಗಿಸಿ, ಮಳೆ ಇಳಿದ ಮೇಲೆ ಕತ್ತರಿ ಹಿಡಿಯುವುದು ವಾಸಿ. ಗಟ್ಟಿಯಾಗಲು ಹೊರಗೆ ರೆಸಿನ್ ಬಳಿದು ಒಳಗೆ ಫೈಬರ್‌ಗ್ಲಾಸ್ ಕೂರಿಸುತ್ತಾರೆ. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಿನಲ್ಲಿ, ಆವಿ ತಡೆಯುವ ಮಾಸ್ಕ್ ಹಾಕಿಕೊಂಡೇ ಮಾಡಿ, ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಸಾಲದು. ಮಂಟಪದಲ್ಲಿ ಬೆಂಕಿಯ ಹತ್ತಿರ ನಿಲ್ಲುವ ಪಾತ್ರಕ್ಕಂತೂ ಈ ಕವಚ ಬೇಡವೇ ಬೇಡ.

‘ಇದರಿಂದ ಕೆಲಸ ಸಿಗುತ್ತದಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ಇದೊಂದರಿಂದಲೇ ಸಿಗುವುದಿಲ್ಲ. ಆದರೆ ಘನ ವಸ್ತುವಿನ ಮೈಯನ್ನು ಚಪ್ಪಟೆಯಾಗಿ ಬಿಡಿಸುವುದನ್ನು ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಪಾಠವಾಗಿಯೇ ಕಲಿಸುತ್ತಾರೆ. ತಗಡಿನ ಕೆಲಸಕ್ಕೂ ಪ್ಯಾಕಿಂಗ್ ಡಬ್ಬಿಯ ವಿನ್ಯಾಸಕ್ಕೂ ಬೇಕಾದದ್ದು ಅದೇ ಲೆಕ್ಕ. ಸಂದರ್ಶನದಲ್ಲಿ ಸರ್ಟಿಫಿಕೇಟ್ ಜತೆ ಮೇಜಿನ ಮೇಲೆ ಇಡಲು ಕೈಯಾರೆ ಮಾಡಿದ ಒಂದು ವಸ್ತು ಇದ್ದರೆ ಮಾತಿನ ದಿಕ್ಕೇ ಬೇರೆಯಾಗುತ್ತದೆ.

ಒಂದು ಷರತ್ತು. ಐರನ್ ಮ್ಯಾನ್ ಫೈಲು ರೆಡಿ ಸಿಗುತ್ತದೆ. ಅದನ್ನು ಇಳಿಸಿಕೊಂಡವರು ಕಲಿಯುವುದು ಕತ್ತರಿಸುವುದನ್ನು ಮಾತ್ರ. ನಮ್ಮ ಮಂಟಪದ ಮಹಿಷಾಸುರನ ಫೈಲನ್ನು ಯಾರೂ ಮಾಡಿಟ್ಟಿಲ್ಲ. ಕೊಂಬು ಎಷ್ಟು ಬಾಗಬೇಕು, ಕುಣಿಯುವವನ ಕುತ್ತಿಗೆ ಎಷ್ಟು ಭಾರ ತಾಳೀತು ಎಂದು ನಾವೇ ಕೂತು ಲೆಕ್ಕ ಹಾಕಬೇಕು. ಮಂಟಪ ಸಮಿತಿಯವರು ಮುಂದಿನ ದಸರೆಗೆ ಒಂದೇ ಒಂದು ಅಸುರನನ್ನು ಕಾಲೇಜು ಹುಡುಗ ಹುಡುಗಿಯರಿಗೆ ಬಿಟ್ಟುಕೊಡಲಿ. ಹಾಳೆ, ಅಂಟಿನ ಖರ್ಚು ಸಮಿತಿಯದ್ದು, ನಿದ್ದೆಗೆಡುವ ಕೆಲಸ ನಮ್ಮದು.